ಎಂಬಿಬಿಎಸ್ ಮುಗಿಸಿ ಆಪ್ತಸಮಾಲೋಚನೆಗೆ ಬರುವವರಿಗೆ

ಇಂಟರ್ನ್‌ಶಿಪ್ ಮುಗಿಸಿದ ಹುಡುಗ ಹುಡುಗಿಯರು ಈಚೆಗೆ ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಜನರ ಜೊತೆ ಕೂತು ಮಾತಾಡೋದು ನನಗೆ ಇಷ್ಟ. ಎಂಬಿಬಿಎಸ್ ಆಗಿದೆ. ಇನ್ನೊಂದು ಕೋರ್ಸ್ ಮಾಡಿ ಕೌನ್ಸೆಲಿಂಗಿಗೆ ಬರಬಹುದಾ?" ಬರಬಹುದು. ನಾನೂ ಹಾಗೇ ಬಂದವಳು. ಮಧ್ಯ ಕರ್ನಾಟಕದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ಡ್ಯೂಟಿ ಡಾಕ್ಟರಾಗಿದ್ದೆ. ಆಮೇಲೆ ಮನಶ್ಶಾಸ್ತ್ರ ಓದಿ, ಆಪ್ತಸಮಾಲೋಚನೆಯ ತರಬೇತಿ ಪಡೆದು, ಈಗ ಜಿಲ್ಲಾ ಕೇಂದ್ರವೊಂದರಲ್ಲಿ ಅದನ್ನೇ ವೃತ್ತಿಯಾಗಿ ನಡೆಸುತ್ತಿದ್ದೇನೆ. ಎರಡು ವಿದ್ಯೆ ಒಬ್ಬರಲ್ಲೇ ಇದ್ದರೆ ಅದು ದೊಡ್ಡ ಬಲ. ಆದರೆ ಅವೆರಡೂ ತಾವಾಗಿಯೇ ಹೊಂದಿಕೊಳ್ಳುವುದಿಲ್ಲ. ಯಾವಾಗ ಯಾವುದನ್ನು ಮುಂದೆ ಬಿಡಬೇಕು, ಯಾವುದನ್ನು ಹಿಂದೆ ನಿಲ್ಲಿಸಬೇಕು ಎನ್ನುವುದೇ ಇಲ್ಲಿನ ನಿಜವಾದ ಕಲಿಕೆ. ಅದರಲ್ಲಿ ನನಗೆ ದಕ್ಕಿದ್ದನ್ನು ಬರೆದಿದ್ದೇನೆ. ಪ್ರಸಂಗಗಳಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

1. ಯಾವ ದಾರಿ ಎಂದು ಮೊದಲೇ ತೀರ್ಮಾನಿಸಿ

ಮನಸ್ಸಿನ ಕೆಲಸ ಎಂದರೆ ಎಲ್ಲವೂ ಒಂದೇ ಅಂದುಕೊಂಡು ಹಲವರು ಗೊಂದಲಕ್ಕೆ ಬೀಳುತ್ತಾರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ ಇಂಥ ಕಾಯಿಲೆಗಳ ಚಿಕಿತ್ಸೆ ನಿಮ್ಮನ್ನು ಎಳೆಯುತ್ತಿದ್ದರೆ ಮನೋವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂಡಿಯೇ ಸರಿ. ಅದಕ್ಕೆ ನೀಟ್ ಪಿಜಿ ಬರೆಯಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆಗೆ ಐಎನ್‌ಐ-ಸಿಇಟಿ ಬೇರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಬೇಕು ಎನ್ನುವವರು ಒಂದು ಮಾತು ತಿಳಿದಿರಬೇಕು: ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಗಾಗಿ ಇಷ್ಟು ಕಾಲ ನಡೆದುಬಂದ ಎರಡು ವರ್ಷದ ಎಂಫಿಲ್‌ಗೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕಿತ್ತು. ಎಂಬಿಬಿಎಸ್ ಒಂದೇ ಸಾಕಾಗುತ್ತಿರಲಿಲ್ಲ. ಈಗ ಎಂಫಿಲ್ ಪದವಿಯನ್ನೇ ಯುಜಿಸಿ ಮುಗಿಸುತ್ತಿರುವುದರಿಂದ ಈ ದಾರಿ ಬದಲಾಗುವ ಹಂತದಲ್ಲಿದೆ. ಸೇರುವ ಮುನ್ನ ಪರಿಷತ್ತಿನ ಈ ವರ್ಷದ ನಿಯಮವನ್ನೇ ನೋಡಿ.

ಮೂರನೆಯದು ನಾನು ಹಿಡಿದ ದಾರಿ. ಮನಶ್ಶಾಸ್ತ್ರದಲ್ಲೋ ಕೌನ್ಸೆಲಿಂಗಿನಲ್ಲೋ ಎಂಎಸ್ಸಿ, ಇಲ್ಲವೇ ಪಿಜಿ ಡಿಪ್ಲೊಮಾ. ನಾನು ಓದುವಾಗ ಕೆಲಸದ ಜೊತೆಗೇ ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಮಾಡಿಕೊಂಡವರು ಬಹಳ ಮಂದಿ ಇದ್ದರು. ಆ ಬಾಗಿಲು ಈಗ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಬಾರದೆಂದು ಯುಜಿಸಿ ಹೇಳಿದೆ. ನನ್ನ ಮಟ್ಟಿಗೆ ಇದು ಒಳ್ಳೆಯ ತೀರ್ಮಾನ. ಎದುರಿಗೆ ಮನುಷ್ಯರನ್ನು ಕೂರಿಸಿಕೊಳ್ಳದೆ ಈ ವಿದ್ಯೆ ಬರುವುದಿಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಆಪ್ತಸಮಾಲೋಚಕರೂ ಸೇರಿದ್ದಾರೆ. ವೃತ್ತಿಗೊಂದು ಚೌಕಟ್ಟು ನಿಧಾನವಾಗಿ ಬರುತ್ತಿದೆ. ಮೂರೇ ತಿಂಗಳಲ್ಲಿ ಕೌನ್ಸೆಲರ್ ಮಾಡುತ್ತೇವೆ ಎಂಬ ಜಾಹೀರಾತುಗಳಿಗೆ ದುಡ್ಡು ಹಾಕಬೇಡಿ.

ಇಷ್ಟರ ಮೇಲೂ ಒಂದು ಗಡಿ ಇದೆ. ಈ ಮೂರನೆಯ ದಾರಿಯಲ್ಲಿ ಬಂದವರು ಮನೋವೈದ್ಯರಾಗುವುದಿಲ್ಲ. ಬೋರ್ಡಿನ ಮೇಲೂ ಬಾಯಿಮಾತಿನಲ್ಲೂ ಆ ಹೆಸರು ಬಳಸಬಾರದು. ಜನ ತಾವಾಗಿಯೇ ಕರೆದರೂ ತಿದ್ದಬೇಕು.

2. ಮೊದಲು ದೇಹ ನೋಡಿ

ವೈದ್ಯರಾಗಿ ಬಂದವರಿಗೆ ಈ ವೃತ್ತಿಯಲ್ಲಿರುವ ದೊಡ್ಡ ಬಲ ಇದು. ಇದನ್ನು ಬಿಟ್ಟುಕೊಡುವುದಾದರೆ ಎಂಬಿಬಿಎಸ್ ಓದಿದ್ದಕ್ಕೇ ಅರ್ಥವಿಲ್ಲ.

ನಲವತ್ತು ದಾಟಿದ ಶಿಕ್ಷಕಿಯೊಬ್ಬರನ್ನು ಅವರ ತಂಗಿ ಕರೆತಂದಿದ್ದರು. ಯಾವುದರಲ್ಲೂ ಆಸಕ್ತಿಯಿಲ್ಲ, ಬೆಳಗ್ಗೆ ಏಳಲಾಗುವುದಿಲ್ಲ, ಮಕ್ಕಳ ಮೇಲೆ ರೇಗುತ್ತಾರೆ, ಸುಮ್ಮಸುಮ್ಮನೆ ಅಳುತ್ತಾರೆ. ಗಂಡ ತೀರಿಕೊಂಡು ವರ್ಷವಾಗಿತ್ತು. ದುಃಖಕ್ಕೆ ಕಾರಣ ಕಣ್ಣೆದುರಿಗೇ ಇತ್ತು. ಆದರೆ ಅವರ ಮುಖ ಊದಿತ್ತು, ದನಿ ಒರಟಾಗಿತ್ತು, ಸೆಖೆಯಲ್ಲೂ ಶಾಲು ಹೊದ್ದಿದ್ದರು. ಟಿಎಸ್‌ಎಚ್ ಮಾಡಿಸಿದರೆ ಥೈರಾಯ್ಡ್ ಪೂರ್ತಿ ಕುಗ್ಗಿತ್ತು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಅರ್ಧ ಭಾರ ಇಳಿಯಿತು. ಉಳಿದರ್ಧ ನಿಜವಾದ ದುಃಖ. ಅದರ ಬಗ್ಗೆ ಆಮೇಲೆ ಬಹಳ ಕಾಲ ಕೂತು ಮಾತಾಡಿದೆವು. ದೇಹದ ಕಾರಣ ಸಿಕ್ಕಿತೆಂದು ಮನಸ್ಸಿನ ಕಾರಣ ಸುಳ್ಳಾಗುವುದಿಲ್ಲ. ಎರಡೂ ಒಟ್ಟಿಗೇ ಇರಬಹುದು.

ಹಾಗೆ ನೋಡಬೇಕಾದ ಪಟ್ಟಿ ನಿಮಗೆ ಗೊತ್ತಿರುವುದೇ. ರಕ್ತಹೀನತೆ. ಸಸ್ಯಾಹಾರಿಗಳಲ್ಲಿ, ಮತ್ತು ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಬಿ12 ಕೊರತೆ. ಆಸ್ತಮಾಗೋ ಕೀಲುನೋವಿಗೋ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮನಸ್ಸಿನ ಏರಿಳಿತ. ಗೊರಕೆ ಹೊಡೆದು ನಿದ್ದೆಗೆಟ್ಟು ಹಗಲೆಲ್ಲ ಮಂಕಾಗಿರುವವರ ಸ್ಲೀಪ್ ಆಪ್ನಿಯಾ. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ನುಂಗುವ ವೃದ್ಧರು ಎರಡೇ ದಿನದಲ್ಲಿ ಏನೇನೋ ಮಾತಾಡಲು ಶುರುಮಾಡಿದರೆ ಅದು ಸೊಸೆಯ ಮೇಲಿನ ಕೋಪ ಅಲ್ಲ, ಸೋಡಿಯಂ ಇಳಿದಿರಬಹುದು. ಅಂಥವರನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸುವುದಲ್ಲ, ಆಸ್ಪತ್ರೆಗೆ ಕಳಿಸಬೇಕು. ವೈದ್ಯರಲ್ಲದ ನನ್ನ ಸಹೋದ್ಯೋಗಿಗಳಲ್ಲಿ ಕೌನ್ಸೆಲಿಂಗಿನಲ್ಲಿ ನನಗಿಂತ ನುರಿತವರಿದ್ದಾರೆ. ಇಂಥ ಅನುಮಾನ ಬಂದಾಗ ಅವರು ನನಗೆ ಫೋನ್ ಮಾಡುತ್ತಾರೆ. ಅವರಿಗೆ ನಾನು ಕೊಡಬಲ್ಲ ಅತ್ಯಂತ ದೊಡ್ಡ ಸಹಾಯ ಅದು.

3. "ನಿಮಗೇನೂ ಇಲ್ಲ" ಎನ್ನಬೇಡಿ

ಇಸಿಜಿ ಸರಿಯಿದೆ, ಎಕೋ ಸರಿಯಿದೆ, ರಕ್ತ ಸರಿಯಿದೆ. ನಮ್ಮ ಓಪಿಡಿಗಳಲ್ಲಿ ಇದಾದ ಮೇಲೆ ಬರುವ ಮಾತು: "ಏನೂ ಇಲ್ಲ ಹೋಗಮ್ಮ, ಟೆನ್ಷನ್ ಅಷ್ಟೇ." ಎದೆ ಡವಡವ ಎನ್ನುತ್ತಿರುವವಳಿಗೆ, ರಾತ್ರಿ ಉಸಿರು ಕಟ್ಟಿ ಎದ್ದು ಕೂರುವವಳಿಗೆ ಈ ಮಾತು ಅವಮಾನ. ಆಕೆ ಇನ್ನೊಬ್ಬ ಡಾಕ್ಟರನ್ನು ಹುಡುಕಿ ಹೋಗುತ್ತಾಳೆ, ಅಲ್ಲಿ ಮತ್ತೆ ಇಸಿಜಿ, ಮತ್ತೆ ಅದೇ ಮಾತು. ಕೊನೆಗೆ ಮಂತ್ರಿಸಿದ ದಾರ.

ನಮ್ಮ ಜನ ಸಂಕಟವನ್ನು ಮೈಯಲ್ಲಿ ಹೇಳುತ್ತಾರೆ. ತಲೆ ಗಿರ್ ಅನ್ನುತ್ತದೆ, ಮೈಯೆಲ್ಲ ಉರಿ, ಕೈಕಾಲು ಜೋಮು, ಹೊಟ್ಟೆಯೊಳಗೆ ಏನೋ ಎದ್ದು ಗಂಟಲಿಗೆ ಬರುತ್ತದೆ. ಧಾತು ಹೋಗಿ ನಿಶ್ಶಕ್ತಿಯಾಗಿದೆ ಎಂದು ಬರುವ ಯುವಕರನ್ನು ಕಾಣದ ಡ್ಯೂಟಿ ಡಾಕ್ಟರಿಲ್ಲ. ಇದನ್ನು 1960ರಲ್ಲೇ ಡಾ. ಎನ್.ಎನ್. ವಿಗ್ ಒಂದು ಸಿಂಡ್ರೋಮ್ ಎಂದು ಗುರುತಿಸಿ ಹೆಸರಿಟ್ಟರು. ಆ ಹುಡುಗನಿಗೆ ಬೇಕಾಗಿರುವುದು ವಿಟಮಿನ್ ಇಂಜೆಕ್ಷನ್ ಅಲ್ಲ, ನಗದೆ ಕೇಳುವ ಒಬ್ಬ ಡಾಕ್ಟರು.

ನಾನು ಈಗ ಹೇಳುವುದು ಹೀಗೆ: "ಹೃದಯಕ್ಕೆ ಕಾಯಿಲೆ ಇಲ್ಲ, ಅದು ಒಳ್ಳೇ ಸುದ್ದಿ. ಆದರೆ ಎದೆ ಹೊಡೆದುಕೊಳ್ಳೋದು ನಿಜ, ನೀವು ಸುಳ್ಳು ಹೇಳ್ತಿಲ್ಲ. ಭಯ ಆದಾಗ ದೇಹ ಹೀಗೇ ಮಾಡುತ್ತದೆ. ಯಾಕೆ ಭಯ ಅಂತ ನೋಡೋಣ." ಇಸಿಜಿ ಓದಬಲ್ಲವರು ಇದನ್ನು ಹೇಳಿದಾಗ ಜನ ನಂಬುತ್ತಾರೆ. ಭಯದಲ್ಲಿ ಅಡ್ರಿನಲಿನ್ ಏನು ಮಾಡುತ್ತದೆ, ಉಸಿರು ಜೋರಾಗಿ ಎಳೆದರೆ ಬೆರಳು ಯಾಕೆ ಜೋಮು ಹಿಡಿಯುತ್ತದೆ ಎಂದು ಕಾಗದದ ಮೇಲೆ ಗೀಚಿ ತೋರಿಸಿದಾಗ ಎಷ್ಟೋ ಮಂದಿಯ ಪ್ಯಾನಿಕ್ ಅರ್ಧ ಇಳಿದದ್ದನ್ನು ಕಂಡಿದ್ದೇನೆ.

4. ಚೀಟಿ ಬರೆಯುವ ಕೈಯನ್ನು ತಡೆಯಿರಿ

ಕಷ್ಟದ ಪಾಠ ಇದು. ಐದೂವರೆ ವರ್ಷ ನಮಗೆ ಕಲಿಸುವುದು ಬೇಗ ಕಂಡುಹಿಡಿ, ಬೇಗ ಹೇಳು, ಬೇಗ ಬರೆ ಎಂದು. ಬೆಳಗಿನ ಓಪಿಡಿಯಲ್ಲಿ ನೂರು ಜನ ಸಾಲುಗಟ್ಟಿ ನಿಂತಿರುವಾಗ ಬೇರೆ ದಾರಿಯೂ ಇಲ್ಲ. ತುರ್ತಿನಲ್ಲಿ ಜೀವ ಉಳಿಸುವುದೂ ಅದೇ ವೇಗ. ಆದರೆ ಗಂಡನ ಮನೆಗೆ ಹಿಂತಿರುಗಬೇಕೋ ಬೇಡವೋ ಎಂದು ತೂಗುತ್ತಿರುವ ಹೆಣ್ಣುಮಗಳಿಗೆ ಎರಡು ನಿಮಿಷದಲ್ಲಿ ಕೊಡಬಹುದಾದ ಉತ್ತರ ಯಾವುದೂ ಇಲ್ಲ. ಆಕೆಗೆ ಉಪದೇಶಕ್ಕೇನು ಬರ? ಅಮ್ಮ ಹೇಳಿದ್ದಾಳೆ, ಅತ್ತಿಗೆ ಹೇಳಿದ್ದಾಳೆ, ಸ್ವಾಮೀಜಿ ಹೇಳಿದ್ದಾರೆ. ನಾವೂ ಹೇಳಿದರೆ ಪಟ್ಟಿಗೆ ಇನ್ನೊಂದು ಸೇರುತ್ತದೆ, ಅಷ್ಟೆ. ಅದೂ ಡಾಕ್ಟರ ಮಾತೆಂಬ ತೂಕದೊಂದಿಗೆ. ಆ ತೂಕವೇ ಅಪಾಯ. "ಡಾಕ್ಟ್ರೇ ಹೇಳಿದ್ರು" ಎಂದು ಆಕೆ ತನ್ನದಲ್ಲದ ನಿರ್ಧಾರವನ್ನು ಜೀವನಪೂರ್ತಿ ಹೊರಬೇಕಾಗಬಹುದು.

ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಪ್ರಬಂಧವೊಂದು ತರಬೇತಿಯಲ್ಲಿ ಎಲ್ಲರೂ ಓದುವಂಥದ್ದು. ಎದುರಿಗಿರುವವರ ಒಳಗನ್ನು ಅವರ ಕಡೆಯಿಂದಲೇ ಅರಿಯುವುದು, ಷರತ್ತಿಲ್ಲದ ಗೌರವ, ತನ್ನೊಳಗೆ ತೋರಿಕೆ ಇಲ್ಲದಿರುವುದು, ಇವಿಷ್ಟು ಇದ್ದರೆ ಬದಲಾವಣೆ ಸಾಧ್ಯ ಎಂಬುದು ಅದರ ತಿರುಳು. ಓದಿ ಪರೀಕ್ಷೆ ಬರೆಯುವುದು ಸುಲಭ. ಮಾಡುವುದಕ್ಕೆ ಕೂತಾಗ ಡಾಕ್ಟರಾದವರ ಬಾಯಿ ತಾನಾಗಿ ತೆರೆಯುತ್ತದೆ. ತರಬೇತಿಯಲ್ಲಿ ನಮ್ಮ ಸೆಷನ್‌ಗಳನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಗುರುಗಳ ಮುಂದೆ ಕೇಳಿಸುತ್ತಿದ್ದರು. ವೈದ್ಯರಾಗಿದ್ದವರ ರೆಕಾರ್ಡಿನಲ್ಲಿ ಪ್ರಶ್ನೆಗಳು ಒಂದರ ಹಿಂದೆ ಒಂದು: ಯಾವಾಗಿನಿಂದ? ದಿನಕ್ಕೆ ಎಷ್ಟು ಸಲ? ನಿದ್ದೆ ಹೇಗಿದೆ? ಪ್ರಶ್ನೆ ಕೇಳಬಾರದು ಎಂದಲ್ಲ. ಕೇಳಿದ ಮೇಲೆ ಕಾಯಬೇಕು. ಜನ ಮುಖ್ಯವಾದದ್ದನ್ನು ಹೇಳುವುದು ಮೌನದ ಆಚೆ ಬದಿಯಲ್ಲಿ. ಅಲ್ಲಿಯವರೆಗೆ ತಾಳ್ಮೆಯಿಂದ ಕೂರುವುದು ಅಭ್ಯಾಸದಿಂದ ಮಾತ್ರ ಬರುತ್ತದೆ.

ಇಷ್ಟು ಹೇಳಿ, ವೈದ್ಯರ ಕ್ರಮಬದ್ಧತೆಯನ್ನು ಹೀಗಳೆಯಲಾರೆ. ಅರಿವಿನ ವರ್ತನಾ ಚಿಕಿತ್ಸೆಯನ್ನು ರೂಪಿಸಿದ ಆರನ್ ಬೆಕ್ ಕೂಡ ವೈದ್ಯರೇ. ಗಮನಿಸು, ಬರೆದುಕೋ, ಪರೀಕ್ಷಿಸು ಎಂಬ ನಮ್ಮ ಕ್ರಮ ಆ ಚಿಕಿತ್ಸೆಯ ಉದ್ದಕ್ಕೂ ಇದೆ. ಹಾಗಾಗಿ ಎಂಬಿಬಿಎಸ್ ಆದವರಿಗೆ ಅದು ಬೇಗ ಒಲಿಯುತ್ತದೆ. ಅದರಿಂದ ಶುರುಮಾಡಿ ಎಂದೇ ನಾನು ಹೇಳುವುದು.

5. ಒಬ್ಬರಿಗೆ ಒಂದೇ ಪಾತ್ರ

ಮಾತ್ರೆ ಬರೆಯುವ ಅಧಿಕಾರ ಇರುವ ಆಪ್ತಸಮಾಲೋಚಕರು ಕಡಿಮೆ. ಅದೊಂದು ಅನುಕೂಲ ಅನ್ನಿಸುತ್ತದೆ. ನನ್ನ ಅನುಭವದಲ್ಲಿ, ಒಬ್ಬರೇ ಎರಡನ್ನೂ ಮಾಡಿದರೆ ಎರಡೂ ಕೆಡುತ್ತವೆ. ಮಾತು ಕಷ್ಟದ ಜಾಗಕ್ಕೆ ಬಂದ ಕೂಡಲೇ ಎದುರಿಗಿದ್ದವರು "ನಿದ್ದೆಗೊಂದು ಮಾತ್ರೆ ಕೊಟ್ಟುಬಿಡಿ ಮೇಡಂ" ಎನ್ನುತ್ತಾರೆ. ಅವರ ಅಳು ನೋಡಲಾರದೆ ನಾವೂ ಕೊಡಲು ಹಾತೊರೆಯುತ್ತೇವೆ. ಹಾಗಾಗಿ ಕೌನ್ಸೆಲಿಂಗಿಗೆ ತೆಗೆದುಕೊಂಡವರಿಗೆ ನಾನು ಮಾತ್ರೆ ಬರೆಯುವುದಿಲ್ಲ. ಬೇಕೆನಿಸಿದರೆ ನಂಬುವ ಮನೋವೈದ್ಯರ ಹತ್ತಿರ ಕಳಿಸಿ, ಒಪ್ಪಿಗೆ ಪಡೆದು ಅವರೊಡನೆ ಮಾತಾಡುತ್ತೇನೆ. ಮೊದಲ ದಿನವೇ ಇದನ್ನು ಹೇಳಿಬಿಡುತ್ತೇನೆ. ಮನೋವೈದ್ಯರೇ ಇಲ್ಲದ ಊರಿನಲ್ಲಿರುವವರಿಗೆ ಈ ನಿಯಮ ಕಷ್ಟ, ಗೊತ್ತಿದೆ. ಅಲ್ಲೂ ಮಾತ್ರೆಯ ಭೇಟಿ ಬೇರೆ, ಮಾತಿನ ಭೇಟಿ ಬೇರೆ ಎಂದು ದಿನಗಳನ್ನು ವಿಂಗಡಿಸಿಕೊಳ್ಳಬಹುದು.

6. ಸಾವಿನ ಬಗ್ಗೆ ನೇರವಾಗಿ ಕೇಳಿ

ತಾಲ್ಲೂಕು ಆಸ್ಪತ್ರೆಯ ರಾತ್ರಿ ಡ್ಯೂಟಿಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರನ್ನು ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ ಹೊತ್ತು ತರುತ್ತಾರೆ. ಹೊಟ್ಟೆ ತೊಳೆಯುತ್ತೇವೆ, ಅಟ್ರೋಪಿನ್ ಕೊಡುತ್ತೇವೆ, ಎಂಎಲ್‌ಸಿ ಬರೆಯುತ್ತೇವೆ. ಬದುಕಿದರೆ ಎಷ್ಟೋ ಕಡೆ ಹಾಗೇ ಡಿಸ್ಚಾರ್ಜ್. ಯಾಕೆ ಕುಡಿದೆ ಎಂದು ಗದರುವವರಿರುತ್ತಾರೆ, ಕೂತು ಕೇಳುವವರಿರುವುದಿಲ್ಲ. ನಾನು ಈ ವೃತ್ತಿಗೆ ಬಂದ ಕಾರಣವೂ ಆ ವಾರ್ಡೇ.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ವೈದ್ಯರಲ್ಲೂ ಇದೆ. ಅದು ನಿಜವಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಹಿಂದಿನ ಎರಡು ವಾರ ಹೇಗಿತ್ತು ಎಂದು ಕೇಳುತ್ತದೆ, ಒಟ್ಟು 27 ಅಂಕ, 10 ಮುಟ್ಟಿದರೆ ಖಿನ್ನತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಅದರ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಮೊತ್ತ ಎಷ್ಟೇ ಇರಲಿ, ಆ ಒಂದು ಉತ್ತರವನ್ನು ಬೇರೆಯಾಗಿ ನೋಡಿ. ಆಮೇಲೆ ಬಾಯಿಬಿಟ್ಟು ಕೇಳಿ: "ಬದುಕೇ ಬೇಡ ಅನ್ನಿಸಿದೆಯಾ? ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ? ಮನೆಯಲ್ಲಿ ಔಷಧಿ ಡಬ್ಬಿ ಎಲ್ಲಿಟ್ಟಿದ್ದೀರಿ?" ಈ ಕೊನೆಯ ಪ್ರಶ್ನೆ ಜೀವ ಉಳಿಸುತ್ತದೆ. ಕ್ರಿಮಿನಾಶಕ ಕೈಗೆ ಸಿಗದ ಜಾಗಕ್ಕೆ ಹೋದರೆ, ಬೀಗ ಬಿದ್ದರೆ, ಆ ಕೆಟ್ಟ ಗಳಿಗೆ ದಾಟಿಹೋಗಲು ಸಮಯ ಸಿಗುತ್ತದೆ. ಮನೆಯವರನ್ನು ಕರೆದು, ಒಪ್ಪಿಸಿ, ಅಂದೇ ಮಾಡಿಸಬೇಕಾದ ಕೆಲಸ ಅದು.

ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಆರೈಕೆ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಂ ಇಲ್ಲ. ವಾರ್ಡಿನ ಬಾಗಿಲಲ್ಲಿ ಪೊಲೀಸರಿಗೆ ಹೆದರಿ ಸುಳ್ಳು ಹೇಳುವ ಮನೆಯವರಿಗೆ ಇದನ್ನು ಮೊದಲು ತಿಳಿಸಿ.

7. ಜೊತೆಗೆ ಬಂದವರನ್ನು ಹೊರಗೆ ಕೂರಿಸುವುದು, ಒಳಗೆ ಕರೆಯುವುದು

ನಮ್ಮಲ್ಲಿ ಯಾರೂ ಒಬ್ಬರೇ ಬರುವುದಿಲ್ಲ. ಸೊಸೆಯ ಜೊತೆ ಅತ್ತೆ, ಮಗನ ಜೊತೆ ಅಪ್ಪ, ಕೆಲವೊಮ್ಮೆ ಊರಿನ ಹಿರಿಯರೊಬ್ಬರು. ಓಪಿಡಿಯಲ್ಲಿ ಅತ್ತೆಯೇ ಎಲ್ಲ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಕೌನ್ಸೆಲಿಂಗಿನಲ್ಲಿ ಅದು ನಡೆಯದು. "ಅಮ್ಮಾ, ಒಂದರ್ಧ ಗಂಟೆ ಹೊರಗೆ ಕೂತಿರಿ, ಆಮೇಲೆ ನಿಮ್ಮ ಹತ್ತಿರವೂ ಮಾತಾಡ್ತೀನಿ" ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಡಾಕ್ಟರು ಹೇಳಿದ್ದರಿಂದ ಒಪ್ಪುತ್ತಾರೆ. ನಮ್ಮ ಪದವಿಯ ಗೌರವವನ್ನು ಬಳಸಬೇಕಾದ ಸರಿಯಾದ ಜಾಗ ಇದು. ಒಳಗೆ ಆಡಿದ್ದು ಹೊರಗೆ ಹೋಗದು ಎಂದು ಇಬ್ಬರಿಗೂ ಕೇಳುವಂತೆ ಹೇಳಿ. ಜೀವಕ್ಕೆ ಅಪಾಯವಿದ್ದರೆ ಅದಕ್ಕೆ ವಿನಾಯಿತಿ ಎಂಬುದನ್ನೂ ಆಗಲೇ ಹೇಳಿ. ಹದಿನೆಂಟು ತುಂಬದ ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಮಗುವಿಗೂ ಅದನ್ನು ಮುಚ್ಚಿಡಬಾರದು.

ಹಾಗೆಂದು ಮನೆಯವರನ್ನು ಶತ್ರುಗಳಂತೆ ಕಾಣುವ ಪುಸ್ತಕದ ಪಾಠವೂ ಇಲ್ಲಿ ನಡೆಯದು. ಮಾತ್ರೆ ನೆನಪಿಸುವವರು, ಬಸ್ಸಿಗೆ ದುಡ್ಡು ಕೊಡುವವರು, ರಾತ್ರಿ ಕಾವಲಿರುವವರು ಅವರೇ.

8. ಪ್ರಮಾಣಪತ್ರ ಸಾಲದು, ಮೇಲ್ವಿಚಾರಣೆ ಬೇಕು

ವೈದ್ಯಕೀಯದಲ್ಲಿ ಪದವಿ ಬಂದ ಮೇಲೆ ನಮ್ಮನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಎಷ್ಟು ಹಿರಿಯರಾದರೂ ತಮ್ಮ ಕೇಸುಗಳನ್ನು ಇನ್ನೊಬ್ಬರ ಮುಂದೆ ಇಡುತ್ತಾರೆ. ಕೋರ್ಸ್ ಆರಿಸುವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ತಾಸು ನಿಜವಾದ ಜನರೊಡನೆ ಕೆಲಸ, ಅದನ್ನು ನೋಡಿ ತಿದ್ದುವವರು ಯಾರು ಎಂಬುದು. ಉತ್ತರ ತೇಲಿಸಿದರೆ ಆ ಕೋರ್ಸ್ ಬೇಡ. ಸಣ್ಣ ಊರಿನಲ್ಲಿದ್ದು ಗುರುಗಳು ಹತ್ತಿರ ಸಿಗದಿದ್ದರೆ ಫೋನಿನಲ್ಲೋ ವಿಡಿಯೋದಲ್ಲೋ ತಿಂಗಳಿಗೆ ಎರಡು ಸಲವಾದರೂ ಮಾಡಿಕೊಳ್ಳಿ, ಅದಕ್ಕೆ ದುಡ್ಡು ಕೊಡಿ. ವೈದ್ಯರಿಗಾಗಿ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ದೂರದಿಂದಲೇ ತರಬೇತಿ ನೀಡುತ್ತದೆ. ಕೆಲಸ ಬಿಡಲಾಗದವರು ಅಲ್ಲಿಂದ ಶುರುಮಾಡಬಹುದು.

ಜೊತೆಗೆ, ತರಬೇತಿಯ ಕಾಲದಲ್ಲಿ ನೀವೂ ಒಬ್ಬರ ಎದುರು ಕೂತು ನಿಮ್ಮ ಮಾತು ಆಡಿ. ಕ್ಯಾಷುವಾಲಿಟಿಯಲ್ಲಿ ಕಂಡ ಸಾವುಗಳನ್ನು ನಾವು ಯಾರ ಹತ್ತಿರವೂ ಹೇಳದೆ ಹೊತ್ತುಕೊಂಡೇ ಬಂದಿರುತ್ತೇವೆ.

9. ಹಣದ ಮಾತು

ಇಂಜೆಕ್ಷನ್‌ಗೆ ಕೊಡುವ ಜನ ಮಾತಿಗೆ ಕೊಡಲು ಹಿಂಜರಿಯುತ್ತಾರೆ. ಒಂದು ಸೆಷನ್‌ಗೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು, ಅಷ್ಟರಲ್ಲಿ ಜನರಲ್ ಪ್ರಾಕ್ಟೀಸಿನ ಡಾಕ್ಟರು ಹದಿನೈದು ಜನರನ್ನು ನೋಡಿರುತ್ತಾರೆ. ಮೊದಲ ವರ್ಷಗಳಲ್ಲಿ ಬೆಳಗ್ಗೆ ಕ್ಲಿನಿಕ್, ಸಂಜೆ ಕೌನ್ಸೆಲಿಂಗ್ ಎಂದಿಟ್ಟುಕೊಂಡರೆ ಸಾಲ ಮಾಡಬೇಕಾಗುವುದಿಲ್ಲ. ಫೀಸು ಮೊದಲೇ ಹೇಳಿ, ಕೊಡಲಾಗದವರಿಗೆ ವಾರದಲ್ಲಿ ಒಂದು ದಿನ ಮೀಸಲಿಡಿ.

10. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಬರೆಯಿರಿ

ತರಬೇತಿಯೆಲ್ಲ ಇಂಗ್ಲಿಷಿನಲ್ಲಿ, ಎದುರಿಗೆ ಬರುವವರು ಕನ್ನಡದಲ್ಲಿ ಅಳುವವರು. ಆದರೆ ನಾವು ಬರಿಗೈಯಲ್ಲಿಲ್ಲ. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ವೈದ್ಯರು. ಮನಸ್ಸಿನ ಬಗ್ಗೆ ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಕತೆ, ಸಿನಿಮಾಗಳ ಮೂಲಕ ಮನೋರೋಗದ ಬಗ್ಗೆ ಜನ ಮಾತಾಡುವಂತೆ ಮಾಡಿದರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳವರೆಗೂ ಹೋಗಿವೆ. ಇವರನ್ನು ಓದಿದ ಮೇಲೆ ನನ್ನ ಸೆಷನ್‌ಗಳ ಮಾತು ಹಗುರವಾಯಿತು.

11. ವೃತ್ತಿ ಬದಲಿಸದವರಿಗೂ ಇದು ಬೇಕು

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಷ್ಟು ಜನರನ್ನು ನೋಡಲು ನಮ್ಮಂಥ ಕೆಲವರು ಸಾಲುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಇದನ್ನು ಕಲಿಸಬಹುದು ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯೂ ಇದೆ.

ಓಪಿಡಿಯಲ್ಲಿರುವ ವೈದ್ಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಮೂರನೆಯ ಸಲ ಅದೇ ತಲೆನೋವಿಗೆ ಬಂದವರಿಗೆ ಐದು ನಿಮಿಷ ಹೆಚ್ಚು ಕೊಡಿ, ಮನೆಯಲ್ಲಿ ಹೇಗಿದೆ ಎಂದು ಕೇಳಿ. ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ತೆರೆದಿರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಅದನ್ನು ಚೀಟಿಯ ಮೇಲೆ ನಿಮ್ಮ ಕೈಯಾರೆ ಬರೆದುಕೊಡಿ. ಡಾಕ್ಟರು ಬರೆದುಕೊಟ್ಟ ನಂಬರಿಗೆ ಜನ ಫೋನ್ ಮಾಡುತ್ತಾರೆ.